ಮೇನ್ ಅಲ್ಲ, ಮನೆ: ಕೈತಪ್ಪಿದ ಅಡ್ಮಿನ್ ಹಕ್ಕಿನ ಒಂದು ಪ್ರಕರಣ

ಅಕ್ಕ ಫೋನ್ ಮಾಡಿದ್ದು ಪ್ರಿಂಟರ್ ವಿಷಯಕ್ಕೆ. "ಹೊಸ ಪ್ರಿಂಟರ್ ಡ್ರೈವರ್ ಹಾಕೋಕೆ ಹೋದ್ರೆ ಪಾಸ್‌ವರ್ಡ್ ಕೇಳ್ತಿದೆ ಕಣೋ. ನನ್ನ ಪಿನ್ ಹೊಡೆದ್ರೆ ತಪ್ಪು ಅನ್ನುತ್ತೆ. ಬೆಳಿಗ್ಗೆ ಅದೇ ಪಿನ್ನಿಗೆ ಒಳಗೆ ಬಿಟ್ಟಿದೆ, ಈಗ ನಾನ್ಯಾರೋ ಗೊತ್ತೇ ಇಲ್ಲ ಅನ್ನೋ ಹಾಗೆ ಆಡ್ತಿದೆ."

ಸ್ಕ್ರೀನ್‌ಶಾಟ್ ಕಳಿಸು ಎಂದೆ. ತಪ್ಪು ನನ್ನದೇ. ಆ ಪೆಟ್ಟಿಗೆ ಬಂದಾಗ ಹಿಂದಿನ ಪರದೆ ಮಬ್ಬಾಗುತ್ತದಲ್ಲ, ಅದು ಬರೀ ಅಲಂಕಾರವಲ್ಲ. ವಿಂಡೋಸ್ ಆ ಹೊತ್ತಿಗೆ ಬೇರೆಯದೇ ಒಂದು ಸುರಕ್ಷಿತ ಡೆಸ್ಕ್‌ಟಾಪ್‌ಗೆ ಹೋಗಿರುತ್ತದೆ. ಉಳಿದ ಪ್ರೋಗ್ರಾಂಗಳು ಅಲ್ಲಿ ಇಣುಕುವಂತಿಲ್ಲ, ಪ್ರಿಂಟ್ ಸ್ಕ್ರೀನ್ ಕೀ ಕೂಡ ಕೆಲಸ ಮಾಡುವುದಿಲ್ಲ. ಕೊನೆಗೆ ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದಳು. ಈ ಆ್ಯಪ್ ನಿಮ್ಮ ಸಾಧನದಲ್ಲಿ ಬದಲಾವಣೆ ಮಾಡಲು ಬಿಡಬೇಕೇ ಎಂಬ ಪ್ರಶ್ನೆ, ಕೆಳಗೆ ಅಡ್ಮಿನ್ ಪಾಸ್‌ವರ್ಡ್ ಹಾಕಿ ಎಂಬ ಸಾಲು, ಅದರ ಕೆಳಗೆ ಖಾಲಿ ಜಾಗ. ಆ ಖಾಲಿ ಜಾಗದ ಮೇಲೆ ಒಂದು ಹೆಸರಿತ್ತು. ಅದು ಅಕ್ಕನ ಹೆಸರಲ್ಲ.

"ಅದೇನು ಹೆಸರು ಓದು."

"ಮೇನ್ ಅಂತಿದೆ. ಕಂಪ್ಯೂಟರ್ ತಂದಾಗ ಸೆಟಪ್ ಮಾಡಿಕೊಟ್ಟವರು ಇಟ್ಟಿದ್ದು. ಲಾಗಿನ್ ಪರದೆಯಲ್ಲಿ ಮೂಲೇಲಿ ಯಾವಾಗ್ಲೂ ಇರುತ್ತೆ. ಅದು ಮೇನ್ ಅಕೌಂಟು, ಮುಟ್ಟಬಾರದು ಅಂತ ನಾವು ಮುಟ್ಟಿಲ್ಲ."

ಪ್ರಕರಣ ಇಷ್ಟೇ. ಮನೆಯ ಕಂಪ್ಯೂಟರ್, ವಿಂಡೋಸ್ 11. ದಿನವೂ ಬಳಸುವ ಖಾತೆ ಚೆನ್ನಾಗಿ ನಡೆಯುತ್ತಿದೆ, ಫೈಲುಗಳೆಲ್ಲ ಇವೆ. ಆದರೆ ಯಂತ್ರಕ್ಕೆ ಯಜಮಾನಿಕೆ ಮಾಡುವ ಹಕ್ಕು ಮನೆಯಲ್ಲಿ ಯಾರ ಕೈಯಲ್ಲೂ ಇಲ್ಲ. ಇದ್ದ ಒಂದೇ ಅಡ್ಮಿನ್ ಖಾತೆಯ ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ.

ಹಕ್ಕು ಹೋದದ್ದು ಯಾವಾಗ

ಇಂಥ ಕರೆ ಬಂದಾಗ ನಾನು ಮೊದಲು ಕೇಳುವುದು "ಏನು ಮಾಡಿದಿರಿ" ಎಂದಲ್ಲ. ಹಾಗೆ ಕೇಳಿದರೆ "ಏನೂ ಮಾಡಿಲ್ಲ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕಂಪ್ಯೂಟರನ್ನು ಕೊನೆಯ ಸಲ ರೀಸ್ಟಾರ್ಟ್ ಮಾಡಿದ್ದು ಯಾವಾಗ ಎಂದು ಕೇಳಿದೆ. ನಿನ್ನೆ ರಾತ್ರಿ ಅಪ್‌ಡೇಟ್ ಬಂದು ತಾನೇ ರೀಸ್ಟಾರ್ಟ್ ಆಯಿತು ಎಂದಳು. ಅದಕ್ಕೂ ಮೊದಲು? ನೆನಪಿಲ್ಲ, ಬರೀ ಸ್ಲೀಪ್‌ಗೆ ಹಾಕುವುದು ರೂಢಿ. ಹಾಗಾದರೆ ಈಚೆಗೆ ಸೆಟ್ಟಿಂಗ್ಸ್‌ನಲ್ಲಿ ಖಾತೆಗೆ ಸಂಬಂಧಪಟ್ಟದ್ದು ಏನಾದರೂ ಬದಲಿಸಿದ್ದೆಯಾ?

ಸ್ವಲ್ಪ ಹೊತ್ತು ಮಾತಿಲ್ಲ. "ಎರಡು ವಾರದ ಹಿಂದೆ... ದಿನದ ಬಳಕೆಗೆ ಅಡ್ಮಿನ್ ಖಾತೆ ಒಳ್ಳೇದಲ್ಲ, ಸ್ಟ್ಯಾಂಡರ್ಡ್ ಮಾಡ್ಕೊಳ್ಳಿ, ಅಂದ್ರೆ ಅಡ್ಮಿನ್ ಹಕ್ಕಿಲ್ಲದ ಸಾಮಾನ್ಯ ಖಾತೆ, ಅಂತ ಎಲ್ಲೋ ಓದಿದ್ದೆ. ಮಾಡ್ಕೊಂಡೆ. ಆದ್ರೆ ಆಮೇಲೂ ಎಲ್ಲ ಸರಿಯಾಗೇ ನಡೀತಿತ್ತಲ್ಲೋ!"

ನಡೆದೇ ನಡೆಯುತ್ತದೆ. ಗಂಟು ಇರುವುದೇ ಇಲ್ಲಿ. ನೀವು ಸೈನ್ ಇನ್ ಆದ ಕ್ಷಣದಲ್ಲಿ ನೀವು ಯಾವ ಯಾವ ಗುಂಪಿಗೆ (ಅಡ್ಮಿನ್ ಗುಂಪೋ, ಸಾಮಾನ್ಯರ ಗುಂಪೋ) ಸೇರಿದವರು ಎಂಬುದನ್ನು ವಿಂಡೋಸ್ ಒಂದು ಟೋಕನ್ನಿನಲ್ಲಿ, ಎಂದರೆ ಗುರುತಿನ ಚೀಟಿಯಲ್ಲಿ, ಬರೆದು ನಿಮ್ಮ ಜೊತೆ ಕಳಿಸುತ್ತದೆ. ಆಮೇಲೆ ಗುಂಪಿನಿಂದ ಹೆಸರು ತೆಗೆದರೂ ಕೈಯಲ್ಲಿರುವ ಟೋಕನ್ ಹಳೆಯದೇ. ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದಾಗಲೇ ಹೊಸ ಟೋಕನ್ ಸಿಗುವುದು. ಸ್ಲೀಪ್ ಎಂದರೆ ಸೈನ್ ಔಟ್ ಅಲ್ಲ. ಹಾಗಾಗಿ ಅಕ್ಕ ಎರಡು ವಾರ ಹಳೆಯ ಟೋಕನ್ನಿನ ಮೇಲೆ ಅಡ್ಮಿನ್ ಆಗಿಯೇ ಓಡಾಡಿದಳು, ಅಪ್‌ಡೇಟ್ ಬಂದ ರಾತ್ರಿ ಅದು ಹೋಯಿತು. ಬೈಸಿಕೊಂಡದ್ದು ಮಾತ್ರ ಪಾಪ ಪ್ರಿಂಟರ್.

ಇನ್ನೊಂದು ಪ್ರಶ್ನೆ ಉಳಿಯಿತು: ವಿಂಡೋಸ್ ಇದಕ್ಕೆ ಬಿಟ್ಟದ್ದಾದರೂ ಹೇಗೆ? ಯಂತ್ರದಲ್ಲಿ ಒಬ್ಬರೇ ಅಡ್ಮಿನ್ ಇದ್ದರೆ ಅವರನ್ನು ಸ್ಟ್ಯಾಂಡರ್ಡ್ ಮಾಡಲು ವಿಂಡೋಸ್ ಒಪ್ಪುವುದಿಲ್ಲ, ಕನಿಷ್ಠ ಒಬ್ಬರಾದರೂ ಇರಲೇಬೇಕು ಎನ್ನುತ್ತದೆ. ಇಲ್ಲಿ ಮೂಲೆಯಲ್ಲಿ ಇನ್ನೊಂದು ಅಡ್ಮಿನ್ ಖಾತೆ ಇದ್ದದ್ದರಿಂದ ತಕರಾರಿಲ್ಲದೆ ಬಿಟ್ಟುಕೊಟ್ಟಿತು. ಬೀಗಕ್ಕೆ ಇನ್ನೊಂದು ಕೀಲಿಕೈ ಇದೆಯೇ ಎಂದು ನೋಡಿತೇ ಹೊರತು, ಅದು ಯಾರ ಜೇಬಿನಲ್ಲಿದೆ ಎಂದು ಕೇಳಲಿಲ್ಲ.

ಅಕ್ಕ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಖಾತೆ ಎಂಬುದು ಒಳ್ಳೆಯ ಸಲಹೆಯೇ. ಮೊದಲು ಇನ್ನೊಂದು ಅಡ್ಮಿನ್ ಖಾತೆಗೆ ಒಮ್ಮೆ ಸೈನ್ ಇನ್ ಆಗಿ ನೋಡಿ, ಆಮೇಲೆ ನಿಮ್ಮದನ್ನು ಇಳಿಸಿ ಎಂಬ ಅರ್ಧ ವಾಕ್ಯ ಆ ಸಲಹೆಯಲ್ಲಿ ಇರಬೇಕಿತ್ತು.

ಹತ್ತು ನಿಮಿಷದ ಕೆಲಸ, ಮಾವ

ಸಂಜೆ ಹೋದಾಗ ಅಕ್ಕನ ಮಗ ಆಗಲೇ ಒಂದು ಪೆನ್‌ಡ್ರೈವ್ ಸಿದ್ಧ ಮಾಡಿಕೊಂಡು ಕೂತಿದ್ದ. "ವಿಡಿಯೋ ನೋಡಿದೀನಿ ಮಾವ. ಇದರಿಂದ ಬೂಟ್ ಮಾಡಿದ್ರೆ ಪಾಸ್‌ವರ್ಡ್ ಅಳಿಸಿಬಿಡಬಹುದು. ಹತ್ತೇ ನಿಮಿಷ."

ಹುಡುಗ ಹೇಳಿದ್ದು ಸುಳ್ಳಲ್ಲ. ಸ್ಥಳೀಯ ಖಾತೆಗಳ, ಎಂದರೆ ಈ ಯಂತ್ರದಲ್ಲಷ್ಟೇ ಇರುವ ಖಾತೆಗಳ, ಪಾಸ್‌ವರ್ಡ್‌ನ ಹ್ಯಾಶ್‌ಗಳು (ಪಾಸ್‌ವರ್ಡನ್ನು ಕಲಸಿ ಮಾಡಿದ ಗುರುತುಗಳು) ಡಿಸ್ಕಿನಲ್ಲಿ ಸ್ಯಾಮ್ ಎಂಬ ಫೈಲಿನಲ್ಲಿ ಇರುತ್ತವೆ. ವಿಂಡೋಸ್ ಓಡುತ್ತಿರುವಾಗ ಅದನ್ನು ಮುಟ್ಟಲಾಗದು, ಬೇರೆ ವ್ಯವಸ್ಥೆಯಿಂದ ಬೂಟ್ ಮಾಡಿದರೆ ಅದೂ ಎಲ್ಲದರ ಹಾಗೆ ಒಂದು ಫೈಲು. ಆದರೂ ಪೆನ್‌ಡ್ರೈವನ್ನು ಪಕ್ಕಕ್ಕಿಡು ಎಂದೆ. ಇಡೀ ಡಿಸ್ಕಿನ ಮೇಲೆ ಅಧಿಕಾರ ಕೊಡುವ ಒಂದು ಸಾಧನವನ್ನು ಯಾರು ಕಟ್ಟಿದರು ಎಂದೇ ತಿಳಿಯದೆ ಮನೆಯೊಳಗೆ ಬಿಟ್ಟುಕೊಳ್ಳುವುದು ನನಗೆ ಸರಿಬರುವುದಿಲ್ಲ. ಹೊರಗಿನಿಂದ ಪಾಸ್‌ವರ್ಡ್ ಬದಲಿಸಿದರೆ ಆ ಖಾತೆಯಲ್ಲಿ ವಿಂಡೋಸ್‌ನದೇ ಫೈಲ್ ಎನ್‌ಕ್ರಿಪ್ಷನ್ (ಕೀಲಿಯಿಲ್ಲದೆ ಓದಲಾಗದ ಹಾಗೆ ಮಾಡುವ ವಿಧಾನ) ಬಳಸಿ ಮುಚ್ಚಿಟ್ಟದ್ದು ಕೈಬಿಟ್ಟು ಹೋಗಬಹುದು, ಉಳಿಸಿಟ್ಟ ಪಾಸ್‌ವರ್ಡ್‌ಗಳೂ ಹಾಗೆಯೇ, ಏಕೆಂದರೆ ಅವನ್ನು ಮುಚ್ಚಿದ ಕೀಲಿ ಹಳೆಯ ಪಾಸ್‌ವರ್ಡ್‌ಗೆ ಕಟ್ಟಿಕೊಂಡಿರುತ್ತದೆ. ಎಲ್ಲಕ್ಕಿಂತ ಮುಖ್ಯ, ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗಿದ್ದರೆ ಈ ವಿದ್ಯೆ ನಡೆಯುವುದೇ ಇಲ್ಲ. ನಡೆಸಲು ಹೋಗಿ ಬೂಟ್ ಸೆಟ್ಟಿಂಗ್ ಕೆದಕಿದರೆ, ಮುಂದಿನ ಸಲ ಯಂತ್ರ ಪಾಸ್‌ವರ್ಡ್ ಬಿಟ್ಟು, ಆ ಎನ್‌ಕ್ರಿಪ್ಷನ್ ಬಿಡಿಸುವ ರಿಕವರಿ ಕೀ ಕೇಳಲು ಶುರುಮಾಡಬಹುದು.

ಫೈಲ್ ಎಕ್ಸ್‌ಪ್ಲೋರರ್ ತೆರೆದು ನೋಡಿದೆವು. ಸಿ ಡ್ರೈವ್‌ನ ಚಿತ್ರದ ಮೇಲೆ ಪುಟ್ಟ ಬೀಗ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ ಎಂದರ್ಥ.

"ಇದನ್ನ ಯಾರು ಆನ್ ಮಾಡಿದ್ದು?" ಎಂದಳು ಅಕ್ಕ. ಯಾರೂ ಮಾಡಿಲ್ಲ. ಯಂತ್ರಾಂಶಕ್ಕೆ ಅರ್ಹತೆ ಇದ್ದು, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆದರೆ ಸಾಧನ ಎನ್‌ಕ್ರಿಪ್ಷನ್ ತಾನಾಗಿಯೇ ಶುರುವಾಗುತ್ತದೆ. ರಿಕವರಿ ಕೀ ಆ ಖಾತೆಯಲ್ಲಿ ಉಳಿಯುತ್ತದೆ. ಅಕ್ಕನ ಮೊಬೈಲಿನಿಂದಲೇ ಅವಳ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ಕೀ ಇದೆಯೇ ನೋಡಿದೆವು. ಇತ್ತು: 48 ಅಂಕೆ, ಆರಾರರ ಎಂಟು ಗುಂಪು. ಹುಡುಗನಿಗೆ ಕೆಲಸ ಕೊಟ್ಟೆ, ಕಾಗದದ ಮೇಲೆ ಬರೆ, ನಾನು ಓದುತ್ತೇನೆ, ಆಮೇಲೆ ನೀನು ಓದು, ನಾನು ಸರಿನೋಡುತ್ತೇನೆ. ಪೆನ್‌ಡ್ರೈವ್ ಕಸಿದುಕೊಂಡ ಸಿಟ್ಟು ಸ್ವಲ್ಪ ಇಳಿಯಿತು.

ಅದೇ ಹೊತ್ತಿಗೆ ಹೊರಗಿನ ಹಾರ್ಡ್ ಡಿಸ್ಕಿಗೆ ಅಕ್ಕನ ಫೋಟೋ, ದಾಖಲೆಗಳನ್ನೆಲ್ಲ ನಕಲು ಹಾಕಿದೆವು. ತನ್ನ ಫೈಲು ತಾನು ನಕಲು ಮಾಡಿಕೊಳ್ಳಲು ಅಡ್ಮಿನ್ ಹಕ್ಕು ಬೇಕಿಲ್ಲ. ಇದನ್ನು ಜನ ಮರೆಯುತ್ತಾರೆ. ಹಕ್ಕು ಹೋದ ಗಾಬರಿಯಲ್ಲಿ ಫೈಲುಗಳೂ ಹೋದವೇನೋ ಎಂಬಂತೆ ವಿಂಡೋಸನ್ನೇ ಹೊಸದಾಗಿ ಹಾಕುವ ರೀಸೆಟ್‌ಗೆ ನೇರ ಕೈಹಾಕುತ್ತಾರೆ.

ಯಂತ್ರವನ್ನೇ ಕೇಳಿದ್ದು

ಆಜ್ಞೆಗಳನ್ನು ಟೈಪ್ ಮಾಡುವ ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು, ಮಾಮೂಲಿ ಬಳಕೆದಾರಳಾಗಿಯೇ, ಎರಡು ಸಾಲು ಹೊಡೆಸಿದೆ. ಮೊದಲನೆಯದು ನೆಟ್ ಲೋಕಲ್‌ಗ್ರೂಪ್ ಅಡ್ಮಿನಿಸ್ಟ್ರೇಟರ್ಸ್. ಅಡ್ಮಿನ್ ಗುಂಪಿನಲ್ಲಿ ಯಾರಿದ್ದಾರೆ ಎಂದು ತೋರಿಸುವುದು. ಎರಡು ಹೆಸರು ಬಂದವು. ಒಂದು ಅಡ್ಮಿನಿಸ್ಟ್ರೇಟರ್, ಇನ್ನೊಂದು ಆ ಮೇನ್.

ಅಡ್ಮಿನಿಸ್ಟ್ರೇಟರ್ ಎಂಬುದು ಪ್ರತಿ ವಿಂಡೋಸ್‌ನಲ್ಲೂ ಹುಟ್ಟಿನಿಂದ ಇರುವ ಖಾತೆ. 2007ರಲ್ಲಿ ಮನೆಗಳಿಗೆ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಅದು ನಿಷ್ಕ್ರಿಯವಾಗಿಯೇ ಬರುತ್ತದೆ. ಅದೇ ವಿಸ್ಟಾದಲ್ಲಿ ಈ ಮಬ್ಬು ಪರದೆಯ ಅನುಮತಿ ಪೆಟ್ಟಿಗೆಯೂ ಬಂದದ್ದು. ಆಗಿನಿಂದ ಅಡ್ಮಿನ್ ಆಗಿದ್ದವರೂ ದಿನವಿಡೀ ಸಾಮಾನ್ಯರ ಹಾಗೇ ಓಡಾಡಿ, ಬೇಕಾದಾಗ ಮಾತ್ರ ಯೆಸ್ ಒತ್ತಿ ಮೇಲೇರುತ್ತಾರೆ. ವಿಸ್ಟಾಗೂ ಹಿಂದಿನ ವಿಂಡೋಸ್ ಎಕ್ಸ್‌ಪಿ ಕಾಲದ ಜನ ಈಗಲೂ "ಸೇಫ್ ಮೋಡ್‌ಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಕಾಣುತ್ತೆ, ಪಾಸ್‌ವರ್ಡ್ ಇರಲ್ಲ" ಎಂದು ಸಲಹೆ ಕೊಡುತ್ತಾರೆ. ಸೇಫ್ ಮೋಡ್ ಎಂದರೆ ತೀರಾ ಅಗತ್ಯವಾದದ್ದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಏಳುವ ರೀತಿ. ಆ ಸಲಹೆಗೊಂದು ಷರತ್ತು ಸೇರಿ ಬಹಳ ಕಾಲವಾಯಿತು: ಯಂತ್ರದಲ್ಲಿ ಬೇರೆ ಸಕ್ರಿಯ ಅಡ್ಮಿನ್ ಒಬ್ಬರಿದ್ದರೂ ಸೇಫ್ ಮೋಡ್‌ನಲ್ಲಿ ನಿಷ್ಕ್ರಿಯ ಅಡ್ಮಿನಿಸ್ಟ್ರೇಟರ್‌ಗೆ ಪ್ರವೇಶವಿಲ್ಲ. ಒಬ್ಬರೂ ಇಲ್ಲದೆ ಹೋದಾಗ ಮಾತ್ರ ಆಪದ್ಧರ್ಮಕ್ಕೆಂದು ಆ ಬಾಗಿಲು ತೆರೆಯುತ್ತದೆ.

ಆ ಸ್ಥಿತಿಯನ್ನು ಗುರುತಿಸುವುದು ಸುಲಭ. ಅನುಮತಿ ಪೆಟ್ಟಿಗೆಯಲ್ಲಿ ಪಾಸ್‌ವರ್ಡ್ ಹಾಕಲು ಜಾಗವೇ ಇರುವುದಿಲ್ಲ, ಯೆಸ್ ಗುಂಡಿ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಒತ್ತಲು ಬರುವುದು ನೋ ಒಂದೇ. ನಿಮಗೆ ಹಾಗೆ ಕಂಡರೆ ನಿಮ್ಮ ದಾರಿ ಬೇರೆ. ಲಾಗಿನ್ ಪರದೆಯಲ್ಲಿ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ 4 ಒತ್ತಿದರೆ ಸೇಫ್ ಮೋಡ್. ನಡುವೆ ಆ 48 ಅಂಕೆ ಕೇಳಿದರೂ ಕೇಳಬಹುದು, ಕೈಯಲ್ಲಿರಲಿ. ಅಲ್ಲಿ ಅಡ್ಮಿನಿಸ್ಟ್ರೇಟರ್ ಕಾಣಿಸಿದರೆ ಒಳಗೆ ಹೋಗಿ ನಿಮ್ಮ ಖಾತೆಯನ್ನು ಮತ್ತೆ ಗುಂಪಿಗೆ ಸೇರಿಸಿ ಹೊರಬಂದರೆ ಮುಗಿಯಿತು. ಅದೇ ಮೆನುವಿನ ಕಮಾಂಡ್ ಪ್ರಾಂಪ್ಟ್‌ಗೋ ರೀಸೆಟ್‌ಗೋ ಹೋದರೆ "ಈ ಪಿಸಿಯಲ್ಲಿ ಅಡ್ಮಿನಿಸ್ಟ್ರೇಟರ್ ಖಾತೆಗಳೇ ಇಲ್ಲ" ಎಂಬ ಅರ್ಥದ ಸಂದೇಶ ಬಂದು ಬಾಗಿಲು ಮುಚ್ಚುವುದೂ ಉಂಟು. ಅಡ್ಮಿನ್ ಇಲ್ಲ ಎಂದು ದೂರು ಕೊಡಲು ಅಡ್ಮಿನ್ನೇ ಬರಬೇಕು.

ಅಕ್ಕನ ಮನೆಯಲ್ಲಿ ಪಾಸ್‌ವರ್ಡ್ ಹಾಕುವ ಜಾಗ ಇತ್ತು, ಯೆಸ್ ಗುಂಡಿಗೂ ಜೀವವಿತ್ತು. ಎಂದರೆ ಸೇಫ್ ಮೋಡ್‌ನಿಂದ ಏನೂ ಆಗುವುದಿಲ್ಲ. ಆ ಮೇನ್ ಯಾರೆಂದು ಪತ್ತೆ ಹಚ್ಚಬೇಕು.

ಎರಡನೆಯ ಸಾಲು ನೆಟ್ ಯೂಸರ್, ಮುಂದೆ ಆ ಖಾತೆಯ ಹೆಸರು. ಇದು ಬಳಕೆದಾರರ ಜಾತಕವನ್ನೇ ಬಿಚ್ಚಿಡುತ್ತದೆ: ಖಾತೆ ಸಕ್ರಿಯವೇ, ಪಾಸ್‌ವರ್ಡ್ ಕೊನೆಗೆ ಇಟ್ಟದ್ದು ಯಾವಾಗ, ಕೊನೆಯ ಲಾಗಿನ್ ಯಾವಾಗ. ಪಾಸ್‌ವರ್ಡ್ ಇಟ್ಟದ್ದು ಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳು, ರಾತ್ರಿ 10.47. ಕೊನೆಯ ಲಾಗಿನ್ ಅದೇ ರಾತ್ರಿ, ಆರು ನಿಮಿಷ ಬಿಟ್ಟು.

ಕಂಪ್ಯೂಟರ್ ಮನೆಗೆ ಬಂದದ್ದು ಅದಕ್ಕೂ ಎಂಟು ತಿಂಗಳು ಮುಂಚೆ, ಜುಲೈನಲ್ಲಿ. ಸೆಟಪ್ ಮಾಡಿಕೊಟ್ಟವರು ಅವತ್ತಿನಿಂದ ಈ ಕಡೆ ತಲೆ ಹಾಕಿಲ್ಲ. ಮಾರ್ಚ್ ತಿಂಗಳಲ್ಲಿ, ರಾತ್ರಿ ಹನ್ನೊಂದರ ಹತ್ತಿರ, ಈ ಮೇಜಿನ ಮುಂದೆ ಕೂತವರು ಈ ಮನೆಯವರೇ ಆಗಿರಬೇಕು.

"ಮಾರ್ಚ್ ಅಂದ್ರೆ ಇವನಿಗೆ ಪರೀಕ್ಷೆ," ಎಂದಳು ಅಕ್ಕ. ಹುಡುಗ ತಲೆ ತಗ್ಗಿಸಿದ. ಒಳಗಿನ ಕೋಣೆಯಿಂದ ಭಾವನ ದನಿ: "ಏನದು, ಯಾರ ಅಕೌಂಟು?"

"ಮೇನ್ ಅಂತ, ಭಾವ. ಎಂ, ಎ, ಎನ್, ಇ."

"ಮೇನ್ ಅಲ್ವಲ್ಲೋ. ಅದು 'ಮನೆ'!"

ಮೂರು ವರ್ಷ ಮೂಲೆಯಲ್ಲಿ ಕೂತಿದ್ದ ಆ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ನಾವು ಯಾರೂ ಕನ್ನಡದಲ್ಲಿ ಓದಿರಲಿಲ್ಲ. ಮಗ ರಾತ್ರಿಯೆಲ್ಲ ಆಟವಾಡುತ್ತಾನೆ ಎಂದು ಸಿಟ್ಟುಬಂದು, ಭಾವ ಒಂದು ಅಡ್ಮಿನ್ ಖಾತೆ ತೆರೆದು, ಉಳಿದವರದ್ದನ್ನೆಲ್ಲ ನಾಳೆ ಇಳಿಸೋಣ ಎಂದುಕೊಂಡು ಮಲಗಿದ್ದರು. ಆ ನಾಳೆ ಬರಲೇ ಇಲ್ಲ. ಖಾತೆ ಉಳಿಯಿತು. ಪಾಸ್‌ವರ್ಡ್? "ಏನೋ ಇಟ್ಟಿದ್ದೆ," ಎಂದರು ಭಾವ. ನಾಲ್ಕೈದು ಸಲ ಊಹೆ ಹೊಡೆದರು, ಹತ್ತಲಿಲ್ಲ. ಹತ್ತು ತಪ್ಪಾದರೆ ಹತ್ತು ನಿಮಿಷ ಬೀಗ ಬೀಳುವ ಏರ್ಪಾಡು ಈಚಿನ ವಿಂಡೋಸ್ 11ರಲ್ಲಿದೆ, ಸಾಕು ಎಂದೆ.

ಪ್ರಶ್ನೆ ಮೂರು, ಕಾಗುಣಿತ ನೂರು

ಸೆಟ್ಟಿಂಗ್ಸ್ ಮೂಲಕ ಹೊಸ ಸ್ಥಳೀಯ ಖಾತೆ ತೆರೆದು ಪಾಸ್‌ವರ್ಡ್ ಇಟ್ಟರೆ ವಿಂಡೋಸ್ ಮೂರು ಭದ್ರತಾ ಪ್ರಶ್ನೆಗಳಿಗೆ ಉತ್ತರ ಬರೆಸಿಕೊಳ್ಳದೆ ಬಿಡುವುದಿಲ್ಲ. 2018ರಲ್ಲಿ ವಿಂಡೋಸ್ 10ಕ್ಕೆ ಬಂದ ಏರ್ಪಾಡು. ಎಂದರೆ ಆ ರಾತ್ರಿ ಭಾವ ಉತ್ತರ ಬರೆದೇ ಬರೆದಿದ್ದಾರೆ. ಲಾಗಿನ್ ಪರದೆಯಲ್ಲಿ 'ಮನೆ' ಆರಿಸಿ, ಬೇಕೆಂದೇ ಒಂದು ತಪ್ಪು ಪಾಸ್‌ವರ್ಡ್ ಹಾಕಿದಾಗ ಕೆಳಗೆ ರೀಸೆಟ್ ಪಾಸ್‌ವರ್ಡ್ ಎಂಬ ಕೊಂಡಿ ಮೂಡಿತು. ಒತ್ತಿದರೆ ಮೂರು ಪ್ರಶ್ನೆ ಒಟ್ಟಿಗೆ. ಮೊದಲು ಸಾಕಿದ ಪ್ರಾಣಿಯ ಹೆಸರು, ಚಿಕ್ಕಂದಿನ ಅಡ್ಡಹೆಸರು, ಎಲ್ಲರಿಗಿಂತ ಹಿರಿಯ ಕಸಿನ್‌ನ ಹೆಸರು.

ನಾಯಿ ಕೆಂಚ. ಅಡ್ಡಹೆಸರು ಪುಟ್ಟ. ಇಷ್ಟು ಅಕ್ಕನಿಗೂ ಗೊತ್ತು. ಭದ್ರತೆ ಎಷ್ಟು ತೆಳು ನೋಡಿ, ಮದುವೆಗೆ ಬಂದವರಿಗೆಲ್ಲ ಗೊತ್ತಿರುವ ಉತ್ತರಗಳು. ಆದರೆ ಬರೆದದ್ದು ಇಂಗ್ಲಿಷ್ ಅಕ್ಷರದಲ್ಲಿ. ಪುಟ್ಟ ಎಂಬಲ್ಲಿ ಟಿ ಒಂದೋ ಎರಡೋ? ಕೆಂಚದಲ್ಲಿ ಸಿ ಮುಂದೆ ಎಚ್ ಹಾಕಿದ್ದರೇ? ಇನ್ನು ಕಸಿನ್. "ಕಸಿನ್ ಅಂದ್ರೆ ಯಾರು ಲೆಕ್ಕ?" ಎಂದು ಭಾವ ನನ್ನನ್ನೇ ಕೇಳಿದರು. ದೊಡ್ಡಪ್ಪನ ಮಗನನ್ನು ಅವರು ಅಣ್ಣ ಎಂದೇ ಕರೆದವರು, ಕಸಿನ್ ಎಂದು ಜನ್ಮದಲ್ಲಿ ಅಂದವರಲ್ಲ. ಹಿರಿಯರೆಂದರೆ ಅವರೇ. ಆದರೆ ಅಣ್ಣ ಕಸಿನ್ ಆಗುವುದಿಲ್ಲ ಎಂದು ಅವತ್ತು ಅನ್ನಿಸಿದ್ದರೆ ಸೋದರತ್ತೆಯ ಮಗನ ಹೆಸರು ಬರೆದಿರಬಹುದು, ಇಲ್ಲವೇ ಸೋದರಮಾವನ ಮಗಳದ್ದು.

ಎರಡು ಕೆಂಚ, ಎರಡು ಪುಟ್ಟ, ಮೂರು ಕಸಿನ್: ಹನ್ನೆರಡು ಜೋಡಣೆ, ಕಸಿನ್‌ಗಳ ಕಾಗುಣಿತ ಬಿಟ್ಟು. ಯಾವುದು ತಪ್ಪೆಂದು ಯಂತ್ರ ಹೇಳುವುದಿಲ್ಲ, ಒಟ್ಟಾಗಿ ಸರಿಯಿಲ್ಲ ಎನ್ನುತ್ತದೆ. ಆದ್ದರಿಂದ ಊಹೆಯನ್ನು ಕಡಿಮೆ ಮಾಡುವ ಪುರಾವೆ ಬೇಕು. ಅಕ್ಕನಿಗೆ ಹೊಳೆಯಿತು: "ನಿಮ್ಮ ಹಳೇ ಇ-ಮೇಲ್ ಐಡಿಯಲ್ಲಿ ಪುಟ್ಟ ಇತ್ತಲ್ಲ?" ಭಾವನ ಮೊಬೈಲಿನಲ್ಲಿ ಸಿಕ್ಕಿತು, ಎರಡು ಟಿ. ಕೆಂಚನದು ಒಂದು ಫೋಟೋ ಫೋಲ್ಡರಿನ ಹೆಸರಾಗಿ ಇತ್ತು, ಸಿ ಮುಂದೆ ಎಚ್ ಹಾಕಿಯೇ. ಮನುಷ್ಯ ತನ್ನ ಭಾಷೆಯನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಸಹಿಯ ಹಾಗೆ, ಸುಲಭಕ್ಕೆ ಬದಲಾಗದು. ಉಳಿದದ್ದು ಕಸಿನ್ ಮಾತ್ರ. ಹಾಳೆಯಲ್ಲಿ ಬರೆದುಕೊಂಡು ಒಂದೊಂದಾಗಿ ಹಾಕಿದೆವು. ದೊಡ್ಡಪ್ಪನ ಮಗ ಅಲ್ಲ. ಸೋದರತ್ತೆಯ ಮಗ ಅಲ್ಲ, ಇನ್ನೊಂದು ಕಾಗುಣಿತದಲ್ಲೂ ಅಲ್ಲ. ನಾಲ್ಕನೆಯದಕ್ಕೆ, ಸೋದರಮಾವನ ಮಗಳ ಹೆಸರಿಗೆ, ಹೊಸ ಪಾಸ್‌ವರ್ಡ್ ಹಾಕುವ ಪರದೆ ತೆರೆಯಿತು.

ಅಕ್ಕ ಭಾವನ ಮುಖ ನೋಡಿದಳು. "ಅವಳು ಹಿರಿಯಳಾ?" ಎಂದಳು. ಆ ಚರ್ಚೆಯಲ್ಲಿ ನಾನು ಸೇರಲಿಲ್ಲ.

ಹಕ್ಕು ಸಿಕ್ಕ ಮೇಲೆ

'ಮನೆ' ಖಾತೆಯೊಳಗೆ ಹೋಗಿ ಪ್ರಿಂಟರ್ ಡ್ರೈವರ್ ಹಾಕಿದ್ದು ಎರಡು ನಿಮಿಷದ ಕೆಲಸ. ವಾದ ನಡೆದದ್ದು ಆಮೇಲೆ. ಅಕ್ಕನ ಖಾತೆಯನ್ನು ಮೊದಲಿನ ಹಾಗೆ ಅಡ್ಮಿನ್ ಮಾಡಿಬಿಡು ಎಂದರು ಭಾವ. ಬೇಡ ಎಂದೆ. ಅವಳು ಓದಿ ಮಾಡಿದ ಕೆಲಸ ಸರಿಯಾದದ್ದೇ, ಅದನ್ನು ಅರ್ಧಕ್ಕೆ ಬಿಟ್ಟದ್ದನ್ನು ಪೂರ್ತಿ ಮಾಡೋಣ. ಹಾಗಾಗಿ ಅಕ್ಕನೂ ಮಗನೂ ಸ್ಟ್ಯಾಂಡರ್ಡ್. 'ಮನೆ' ಅಡ್ಮಿನ್, ಅದರ ಹೊಸ ಪಾಸ್‌ವರ್ಡ್ ಕಾಗದದಲ್ಲಿ, ಆ 48 ಅಂಕೆಯ ಜೊತೆ ಒಂದೇ ಲಕೋಟೆಯಲ್ಲಿ. ಮನೆಯ ಕಪಾಟಿನಲ್ಲಿರುವ ಕಾಗದಕ್ಕೆ ದೂರದ ಹ್ಯಾಕರ್ ಕೈ ಎಟುಕುವುದಿಲ್ಲ; ಪಾಸ್‌ವರ್ಡ್ ಬರೆದಿಡಬಾರದು ಎಂಬ ಮಾತನ್ನು ನಾನು ಮನೆಗಳ ಮಟ್ಟಿಗೆ ಒಪ್ಪುವುದಿಲ್ಲ. ಎರಡನೆಯ ಅಡ್ಮಿನ್ ಆಗಿ ಭಾವನ ಮೈಕ್ರೋಸಾಫ್ಟ್ ಖಾತೆಯನ್ನು ಸೇರಿಸಿದೆವು, ಏಕೆಂದರೆ ಅದರ ಪಾಸ್‌ವರ್ಡ್ ಮರೆತರೆ ಫೋನ್ ನಂಬರಿಗೆ ಕೋಡ್ ತರಿಸಿ ಬೇರೆಲ್ಲಿಂದಲಾದರೂ ಬದಲಿಸಬಹುದು. ಆ ನಂಬರ್ ಈಗಲೂ ಅವರದೇ ಎಂದು ಅಲ್ಲೇ ನೋಡಿಕೊಂಡೆವು. ಹಳೆಯ ಗುರುತಿನ ಮಾಹಿತಿಯೆಲ್ಲ ಕೈಬಿಟ್ಟು ಹೊಸದನ್ನೇ ಹಾಕಬೇಕಾಗಿ ಬಂದರೆ 30 ದಿನ ಕಾಯಬೇಕಾಗುತ್ತದೆ. ಭದ್ರತಾ ಪ್ರಶ್ನೆಗಳಿಗೆ ಹೊಸ ಉತ್ತರ ಕೊಟ್ಟೆವು, ಪ್ರಶ್ನೆಗೂ ಉತ್ತರಕ್ಕೂ ಸಂಬಂಧವಿಲ್ಲದ ಹಾಗೆ. ಅವೂ ಲಕೋಟೆಗೆ.

ಮಧ್ಯೆ ಒಂದು ಮಾತು. ಇದೆಲ್ಲ ಸ್ವಂತ ಯಂತ್ರಕ್ಕೆ. ಕಚೇರಿ ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅಡ್ಮಿನ್ ಹಕ್ಕು ಇಲ್ಲದಿದ್ದರೆ ಅದು ಕಳೆದುಹೋದದ್ದಲ್ಲ, ಕೊಡದೆ ಇದ್ದದ್ದು. ಅಲ್ಲಿ ಕೇಳಬೇಕಾದ್ದು ಕಚೇರಿಯ ಐಟಿಯವರನ್ನು.

ವಿಂಡೋಸ್‌ಗೆ ಮಾತ್ರ ಬರುವ ಕಾಯಿಲೆಯೂ ಇದಲ್ಲ. ವಿಂಡೋಸ್ ಬದಲು ಬಳಸುವ ಉಬುಂಟು ಎಂಬ ವ್ಯವಸ್ಥೆಯಲ್ಲಿ ಒಂದು ಹೊಸ ಗುಂಪಿಗೆ ಸೇರಲು ಹೋಗಿ, ಖಾತೆ ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ ಜಿ ಕೊಟ್ಟು, ಜೊತೆಗೆ ಬೇಕಾದ ಚಿಕ್ಕ ಎ ಮರೆತು, ಉಳಿದ ಎಲ್ಲ ಗುಂಪಿನಿಂದಲೂ ನಾನೇ ಹೊರಬಿದ್ದದ್ದಿದೆ, ಅಡ್ಮಿನ್ ಹಕ್ಕು ಕೊಡುವ ಸುಡೋ ಗುಂಪು ಸಮೇತ. ಅಲ್ಲಿಯೂ ಹಾಗೆಯೇ, ಸೆಷನ್ ಮುಗಿಯುವವರೆಗೆ ಎಲ್ಲ ಚೆನ್ನಾಗಿತ್ತು. ಮರುದಿನ ರಿಕವರಿ ಮೋಡ್‌ಗೆ ಹೋಗಿ ರೂಟ್ (ಅಲ್ಲಿನ ಸರ್ವಾಧಿಕಾರದ ಖಾತೆ) ಆಗಿ ನನ್ನನ್ನು ನಾನೇ ಸೇರಿಸಿಕೊಂಡೆ. ಅಕ್ಕನಿಗೆ ಇದನ್ನು ಹೇಳಿದ ಮೇಲೆ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಹೊರಡುವ ಮೊದಲು ಕಂಪ್ಯೂಟರನ್ನು ಪೂರ್ತಿ ರೀಸ್ಟಾರ್ಟ್ ಮಾಡಿಸಿದೆ. ಅಕ್ಕ ತನ್ನ ಪಿನ್ನಿನಿಂದ ಒಳಗೆ ಹೋಗಿ, ಬೇಕೆಂದೇ ಒಂದು ಪ್ರೋಗ್ರಾಂ ಹಾಕಲು ನೋಡಿದಳು. ಪರದೆ ಮಬ್ಬಾಯಿತು, 'ಮನೆ'ಯ ಹೆಸರಿನಲ್ಲಿ ಪಾಸ್‌ವರ್ಡ್ ಕೇಳಿತು. ಲಕೋಟೆ ತೆಗೆದು, ನೋಡಿ, ಹೊಡೆದಳು. ಒಪ್ಪಿತು. ಪಕ್ಕದಲ್ಲಿ ನಿಂತ ಮಗ ಅವಳ ಬೆರಳುಗಳನ್ನೇ ನೋಡುತ್ತಿದ್ದದ್ದನ್ನು ಭಾವ ನೋಡಿದರು. ಪಾಸ್‌ವರ್ಡನ್ನು ಅಲ್ಲೇ ಇನ್ನೊಮ್ಮೆ ಬದಲಿಸಬೇಕಾಯಿತು.